ಪೂಲ್ ಕಾಯಿಸುವ ಮುಂಚೆ ಅದಕ್ಕೊಂದು ಹೊದಿಕೆ

ಪುಣೆಯ ಚಳಿಗಾಲದಲ್ಲಿ ಹಗಲು 29–30 ಡಿಗ್ರಿ ಇರುತ್ತದೆ, ರಾತ್ರಿ 10–12ಕ್ಕೆ ಇಳಿಯುತ್ತದೆ. ನಾವಿರುವುದು ಊರಾಚೆ, ಚಾಂದಣಿ ಚೌಕ ದಾಟಿ ಪೌಡ್ ರಸ್ತೆಯಲ್ಲಿ ಸಿಗುವ ಭೂಗಾಂವ್‌ನಲ್ಲಿ. ಸುತ್ತ ಗುಡ್ಡ, ಹತ್ತಿರದಲ್ಲೇ ಮಾನಸ್ ಕೆರೆ. ಹೀಗಾಗಿ ಚಳಿ ಊರಿಗಿಂತ ಒಂದು ಕೈ ಜಾಸ್ತಿ. ಈ ಮನೆ ಕೊಂಡಾಗ ಹಿಂದಿನವರು ಕಟ್ಟಿಸಿದ್ದ ಪುಟ್ಟ ಪೂಲ್ ಕೂಡ ಜೊತೆಗೇ ಬಂತು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.25 ಮೀಟರ್. ಅಂದರೆ 40 ಸಾವಿರ ಲೀಟರ್ ನೀರು. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು ಅದರಲ್ಲೇ ಬಿದ್ದಿರುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಫಿಲ್ಟರ್ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು, ಬಿಲ್ ಬರುತ್ತಿತ್ತು.

ಅತ್ತೆಗೆ ಮೊಣಕಾಲಿನ ಆಪರೇಷನ್ ಆಗಿರದಿದ್ದರೆ ನಾವು ಈ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಧಾರವಾಡದಿಂದ ಬಂದು ನಮ್ಮ ಹತ್ತಿರವೇ ಉಳಿದಿದ್ದರು. ಗಾಯ ಪೂರ್ತಿ ಮಾಗಿದ ಮೇಲೆ ಫಿಸಿಯೋಥೆರಪಿಸ್ಟ್ ನೀರಿನಲ್ಲಿ ನಡೆಯಲು ಹೇಳಿದರು. ಎದೆಮಟ್ಟದ ನೀರಿನಲ್ಲಿ ನಿಂತರೆ ಮೈಭಾರದ ಅರ್ಧಕ್ಕಿಂತ ಜಾಸ್ತಿ ಪಾಲನ್ನು ನೀರೇ ಹೊರುತ್ತದೆ. ಮಂಡಿಗೆ ಪೆಟ್ಟಿಲ್ಲದೆ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಆದರೆ ನೀರು ಬೆಚ್ಚಗಿರಬೇಕು, 28 ಡಿಗ್ರಿಗಿಂತ ಕೆಳಗೆ ಬೇಡ ಎಂದು ಅವರು ಒತ್ತಿ ಹೇಳಿದರು. ತಣ್ಣೀರಿಗೆ ಇಳಿದರೆ ಸ್ನಾಯು ಬಿಗಿಯುತ್ತದೆ, ವ್ಯಾಯಾಮದ ಉದ್ದೇಶವೇ ಹಾಳು. ನವೆಂಬರ್ ಕೊನೆಯಲ್ಲಿ ಅತ್ತೆ ಒಂದು ಮೆಟ್ಟಿಲು ಇಳಿದು ಹಾಗೇ ಮೇಲೆ ಬಂದರು. "ಅಯ್ಯ, ಇವೇನು ನೀರೋ ಬರ್ಫೋ? ಕಾಲು ಸೆಟದು ಹೋದ್ವು ನೋಡವಾ" ಅಂದರು. ಥರ್ಮಾಮೀಟರ್ ಬಿಟ್ಟು ನೋಡಿದರೆ 19 ಡಿಗ್ರಿ.

ಹತ್ತು ಡಿಗ್ರಿ ಏರಿಸಬೇಕು. ಕೇಳಲು ಸಣ್ಣ ಮಾತು. ನಾನು ಬಹಳ ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದವಳು, ಹಾಗಾಗಿ ಪೆನ್ನು ಹಿಡಿದು ಕೂತೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ (ಕರೆಂಟ್ ಬಿಲ್‌ನ ಅದೇ ಯೂನಿಟ್, ಅಂದರೆ ಕಿಲೋವ್ಯಾಟ್-ಗಂಟೆ) ಶಾಖ ಬೇಕು. ನಮ್ಮ 40 ಸಾವಿರ ಲೀಟರ್‌ಗೆ ಡಿಗ್ರಿಗೆ 46 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಹತ್ತು ಡಿಗ್ರಿಗೆ ಸುಮಾರು 465 ಯೂನಿಟ್. ಕರೆಂಟಿನ ಹೀಟರ್ ಹಾಕಿದರೆ ಮೊದಲ ಸಲ ಕಾಯಿಸಲಿಕ್ಕೇ ಅಷ್ಟು ಯೂನಿಟ್ ಹೋಗುತ್ತದೆ. ಆಮೇಲೆ ದಿನಾ ರಾತ್ರಿ ಕಳೆದುಹೋಗಿದ್ದನ್ನು ದಿನಾ ಹಗಲು ತುಂಬಬೇಕು. ಅದು ಆಗದ ಮಾತು.

ಇನ್ನೊಂದು ಲೆಕ್ಕ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಇಲ್ಲಿ ಡಿಸೆಂಬರ್‌ನಲ್ಲೂ ಆಕಾಶ ನಿಚ್ಚಳವಾಗಿರುತ್ತದೆ. ಒಂದು ಚದರ ಮೀಟರ್ ಮಟ್ಟಸ ಜಾಗಕ್ಕೆ ದಿನಕ್ಕೆ ನಾಲ್ಕೂವರೆ ಯೂನಿಟ್ ಆಸುಪಾಸು ಬಿಸಿಲು ಬೀಳುತ್ತದೆ. ನಮ್ಮ ಪೂಲ್‌ನ ಮೇಲ್ಮೈ 32 ಚದರ ಮೀಟರ್. ಅಂದರೆ ಏನೂ ಮಾಡದೆಯೇ ದಿನಕ್ಕೆ 140 ಯೂನಿಟ್ ಬಿಸಿಲು ನೇರವಾಗಿ ನೀರಿನ ಮೇಲೆ ಬೀಳುತ್ತಿದೆ. ಅದರಲ್ಲಿ ಬಹುಪಾಲನ್ನು ನೀರು ಹೀರಿಕೊಳ್ಳುತ್ತದೆ. ಇಷ್ಟು ಸಿಕ್ಕಿದ ಮೇಲೂ ನೀರು 19 ಡಿಗ್ರಿಯಲ್ಲೇ ನಿಂತಿದೆ ಅಂದರೆ, ಬಂದಷ್ಟೂ ಎಲ್ಲೋ ಹೋಗುತ್ತಿದೆ ಎಂದಾಯಿತು, ಅಲ್ವಾ? ಅದು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗದೆ, ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಪ್ಯಾನೆಲ್‌ಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ ಅನ್ನಿಸಿತು.

ಪೂಲ್‌ನ ಟೈಲ್ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ತುಂಡು ಟೇಪ್ ಅಂಟಿಸಿದೆ. ಒಂದು ಬಕೆಟ್‌ನಲ್ಲಿ ಅದೇ ನೀರು ತುಂಬಿ, ಒಳಗೆ ಗುರುತು ಹಾಕಿ, ಪೂಲ್‌ನ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟೆ. ಬಕೆಟ್‌ಗಿಂತ ಪೂಲ್‌ನಲ್ಲಿ ಹೆಚ್ಚು ಇಳಿದರೆ ಎಲ್ಲೋ ಸೋರಿಕೆ ಇದೆ ಎಂದು ಲೆಕ್ಕ. ಎರಡೂ ಒಂದೇ ಸಮ ಇಳಿದರೆ ಅದಷ್ಟೂ ಆವಿ. ನಮ್ಮಲ್ಲಿ ಎರಡೂ ಒಂದೇ ಸಮ ಇಳಿದವು, ದಿನಕ್ಕೆ 4 ಮಿಲಿಮೀಟರ್ ಹತ್ತಿರ.

4 ಮಿಲಿಮೀಟರ್ ಅಂದರೆ ಕಣ್ಣಿಗೆ ಕಾಣುವಷ್ಟೂ ಅಲ್ಲ. ಆದರೆ 32 ಚದರ ಮೀಟರ್ ಮೇಲೆ ಅದು 128 ಲೀಟರ್. ಒಂದು ಲೀಟರ್ ನೀರು ಆವಿಯಾಗುವಾಗ ಉಳಿದ ನೀರಿನಿಂದ ಸುಮಾರು 0.68 ಯೂನಿಟ್ ಶಾಖ ಎಳೆದುಕೊಂಡು ಹೋಗುತ್ತದೆ. 128 ಲೀಟರ್‌ಗೆ 87 ಯೂನಿಟ್. ನಮ್ಮ ಪೂಲ್ ಬರೀ ಆವಿಯಿಂದಲೇ ದಿನಕ್ಕೆ ಎರಡು ಡಿಗ್ರಿಯ ಹತ್ತಿರ ಕಳೆದುಕೊಳ್ಳುತ್ತಿತ್ತು! ಬಯಲಿನ ಪೂಲ್ ಕಳೆದುಕೊಳ್ಳುವ ಶಾಖದಲ್ಲಿ ನೂರಕ್ಕೆ ಸುಮಾರು 70 ಪಾಲು ಆವಿಯ ಮೂಲಕವೇ ಹೋಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೂ ಹೇಳುತ್ತದೆ. ಪುಣೆಯ ಚಳಿಗಾಲದ ಒಣಗಾಳಿಗೆ ನೀರು ಹೀರುವುದು ಇನ್ನೂ ಸುಲಭ. ಮಳೆಗಾಲದಲ್ಲಿ ಒಗೆದ ಬಟ್ಟೆ ಎರಡು ದಿನ ಒಣಗದ ಊರಲ್ಲಿ ಡಿಸೆಂಬರ್‌ನಲ್ಲಿ ಎರಡು ತಾಸಿಗೆ ಒಣಗುತ್ತದೆ. ಅದೇ ಗಾಳಿ ಪೂಲ್ ಮೇಲೂ ಬೀಸುತ್ತಿರುತ್ತದೆ.

ಈ ಲೆಕ್ಕವನ್ನು ಅತ್ತೆಗೆ ಹೇಳಿದೆ. ಅವರು ಎಲ್ಲಾ ಕೇಳಿ, "ಹಂಡೇಕ ಮುಚ್ಚಳಾ ಇಡದ ಯಾರರೆ ನೀರು ಕಾಸ್ತಾರೇನವಾ? ಮೊದ್ಲ ಮುಚ್ಚಳಾ ತರಸು" ಅಂದರು. ಸರಿಯಾದ ಮಾತು. ಪೂಲ್ ಕಾಯಿಸಲು ನಮಗೆ ಕೊಟೇಶನ್ ಕೊಟ್ಟ ಯಾರೂ ಈ ಮಾತನ್ನು ಮೊದಲು ಹೇಳಿರಲಿಲ್ಲ.

ಕೊಟೇಶನ್ ವಿಷಯಕ್ಕೂ ಬರುತ್ತೇನೆ. ಮೊದಲು ಕವರ್.

ನಾವು ತರಿಸಿದ್ದು ಬಬಲ್ ಕವರ್. ಗಾಜಿನ ಸಾಮಾನು ಸುತ್ತಿ ಕಳಿಸುವ ಗುಳ್ಳೆಗಳ ಪ್ಲಾಸ್ಟಿಕ್ ಇರುತ್ತದಲ್ಲ, ಅದರದೇ ಜಾತಿ. ಆದರೆ ದಪ್ಪ, ಬಿಸಿಲು ತಡೆಯುವಂಥದ್ದು. ನಮ್ಮದು 400 ಮೈಕ್ರಾನ್, ಅಂದರೆ 0.4 ಮಿಲಿಮೀಟರ್ ದಪ್ಪ. ಗುಳ್ಳೆಗಳಿರುವ ಮುಖ ನೀರಿನ ಕಡೆಗೆ ಇರಬೇಕು. ನೀರಿನ ಮೇಲೆ ಹಾಸಿದರೆ ಹಾಗೇ ತೇಲುತ್ತದೆ. ಬಿಸಿಲನ್ನು ಬಹುಮಟ್ಟಿಗೆ ಒಳಗೆ ಬಿಡುತ್ತದೆ, ಆವಿಯನ್ನು ಹೊರಗೆ ಬಿಡುವುದಿಲ್ಲ. ಸುತ್ತಿಡಲು ಒಂದು ಕೊನೆಯಲ್ಲಿ ಅಲ್ಯೂಮಿನಿಯಂ ರೋಲರ್ ಹಾಕಿಸಿದೆವು. ರೋಲರ್ ದುಬಾರಿ ಅನ್ನಿಸಬಹುದು, ಆದರೂ ಬಿಡಬೇಡಿ. 32 ಚದರ ಮೀಟರ್ ಒದ್ದೆ ಪ್ಲಾಸ್ಟಿಕ್ಕನ್ನು ದಿನಾ ಕೈಯಲ್ಲಿ ಎಳೆದು ಮಡಿಸುವುದು ಯಾರಿಂದಲೂ ಆಗುವುದಿಲ್ಲ. ಕಷ್ಟವಾದ ಕವರ್ ಮೂಲೆ ಸೇರುತ್ತದೆ.

ಬರೀ ಕವರ್ ಹಾಕಿದ್ದಕ್ಕೇ ನೀರು ದಿನದಿಂದ ದಿನಕ್ಕೆ ಏರಿ 23 ಡಿಗ್ರಿ ದಾಟಿತು. ಇನ್ನೂ ಒಂದೂ ಪ್ಯಾನೆಲ್ ಮನೆಗೆ ಬಂದಿರಲಿಲ್ಲ. ಒಟ್ಟು ಕೆಲಸಕ್ಕೆ ನಮಗೆ ತಗುಲಿದ ಖರ್ಚಿನಲ್ಲಿ ಕವರ್ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಬೇಕಾಗಿದ್ದ ಹತ್ತು ಡಿಗ್ರಿಯಲ್ಲಿ ನಾಲ್ಕನ್ನು ಅದೊಂದೇ ಕೊಟ್ಟಿತು. ತುಂಬಿಸುವ ನೀರೂ ಉಳಿಯಿತು. ಬೇಸಿಗೆ ಬಂದರೆ ಟ್ಯಾಂಕರ್ ಕಾಯುವ ನಮ್ಮಂಥ ಕಡೆ ದಿನಕ್ಕೆ ನೂರು ಲೀಟರ್ ಉಳಿಯುವುದು ಸಣ್ಣ ವಿಷಯವಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಕವರ್ ಯಾರ ಭಾರವನ್ನೂ ತಡೆಯುವುದಿಲ್ಲ. ಮಗು ಅದರ ಮೇಲೆ ಕಾಲಿಟ್ಟರೆ ಕವರ್ ಸಮೇತ ಒಳಗೆ ಹೋಗುತ್ತದೆ, ಮೇಲಿನಿಂದ ನೋಡುವವರಿಗೆ ಕಾಣುವುದೂ ಇಲ್ಲ. ಅರ್ಧ ಸರಿಸಿ ಇನ್ನರ್ಧದಲ್ಲಿ ಈಜುವುದೂ ಬೇಡವೇ ಬೇಡ. ನೀರಿಗೆ ಇಳಿಯುವ ಮುಂಚೆ ಪೂರ್ತಿ ಸುತ್ತಬೇಕು. ನಮ್ಮಲ್ಲಿ ಪೂಲ್ ಸುತ್ತ ಬೇಲಿ, ಗೇಟಿಗೆ ಬೀಗ, ಕೀಲಿ ಅಡುಗೆಮನೆಯಲ್ಲಿ. ಇದರಲ್ಲಿ ಸಡಿಲ ಬಿಡುವ ಹಾಗೇ ಇಲ್ಲ.

ಈಗ ಕೊಟೇಶನ್ ಕಥೆ. ಬಂದವರಲ್ಲಿ ಒಬ್ಬರು ಗಾಜಿನ ನಳಿಗೆಗಳ ಸೋಲಾರ್ ಹೇಳಿದರು, ಮನೆ ಮೇಲೆ ಸ್ನಾನದ ನೀರಿಗೆ ಹಾಕುತ್ತಾರಲ್ಲ, ಅದು. ಸ್ನಾನಕ್ಕೆ 60 ಡಿಗ್ರಿ ನೀರು ಬೇಕು, ಸ್ವಲ್ಪವೇ ಬೇಕು. ಅದಕ್ಕೆ ಈ ನಿರ್ವಾತ ನಳಿಗೆ ಒಳ್ಳೆಯದೇ. ಪೂಲ್‌ಗೆ ಬೇಕಾಗಿರುವುದು ಇದಕ್ಕೆ ಉಲ್ಟಾ. ನೀರು ಬಹಳ, ಡಿಗ್ರಿ ಕಡಿಮೆ. 28 ಡಿಗ್ರಿಯ ನೀರಿಗೆ 60 ಡಿಗ್ರಿಯ ಸಾಧನ ಯಾಕೆ? ಅಲ್ಲದೆ ಕ್ಲೋರಿನ್ ಇರುವ ಪೂಲ್ ನೀರನ್ನು ನೇರ ಅದರೊಳಗೆ ಓಡಿಸುವ ಹಾಗಿಲ್ಲ, ಮಧ್ಯೆ ನೀರು ಬೆರೆಯದಂತೆ ಶಾಖ ಮಾತ್ರ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬೇಕು. ಮೇ ತಿಂಗಳಲ್ಲಿ ಯಾರಿಗೂ ಬಿಸಿನೀರು ಬೇಡವಾದಾಗ ಅವು ಸುಮ್ನೆ ಕುದಿಯುತ್ತಾ ನಿಲ್ಲುತ್ತವೆ. ಇನ್ನೊಬ್ಬರು ತಾಮ್ರದ ಫ್ಲಾಟ್ ಪ್ಲೇಟ್ ಹೇಳಿದರು, ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆ ಇರುವಂಥದ್ದು. ಪೂಲ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಸ್ವಲ್ಪ ಕೆಳಗಿಳಿದರೂ ತಾಮ್ರ ಸವೆಯುತ್ತದೆ, ಗೋಡೆಗೆ ಹಸಿರು ಕಲೆ ಹಿಡಿಯುತ್ತದೆ.

ಮೂರನೆಯವರು ಹೀಟ್ ಪಂಪ್ ಅಂದರು. ಅದನ್ನು ತಳ್ಳಿಹಾಕುವ ಹಾಗಿಲ್ಲ. ಗಾಳಿಯಲ್ಲಿರುವ ಶಾಖವನ್ನು ಎತ್ತಿ ನೀರಿಗೆ ಕೊಡುತ್ತದೆ. ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ. ತಾರಸಿ ಇಲ್ಲದವರಿಗೆ, ನೆರಳಿರುವ ಮನೆಗೆ, ಅಥವಾ ಮೊದಲೇ ಕರೆಂಟಿನ ಸೋಲಾರ್ ಹಾಕಿಸಿಕೊಂಡವರಿಗೆ ನಾನೂ ಅದನ್ನೇ ಹೇಳುತ್ತೇನೆ. ನಮಗೆ ಮಾತ್ರ ದಕ್ಷಿಣಕ್ಕೆ ತೆರೆದ ಖಾಲಿ ತಾರಸಿ ಇತ್ತು, ಪೂಲ್‌ನ ಪಂಪ್ ಇತ್ತು, ಬಿಸಿಲು ಇತ್ತು. ಹೊಸ ಮೋಟಾರ್ ಇಲ್ಲದೆ ಆಗುವ ಕೆಲಸಕ್ಕೆ ಹೊಸ ಮೋಟಾರ್ ಯಾಕೆ ಅನ್ನಿಸಿತು.

ಕೊನೆಗೆ ಹಾಕಿಸಿದ್ದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಕಪ್ಪು ಪ್ಯಾನೆಲ್. ಮೇಲೆ ಗಾಜಿಲ್ಲ, ಪೆಟ್ಟಿಗೆಯಿಲ್ಲ. ಸಣ್ಣ ಸಣ್ಣ ಕಪ್ಪು ಕೊಳವೆಗಳನ್ನು ಸಾಲಾಗಿ ಜೋಡಿಸಿದ ಚಾಪೆ, ಮೇಲೊಂದು ಕೆಳಗೊಂದು ದಪ್ಪ ಪೈಪ್. ಅಷ್ಟೇ. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ ಕಡೆ ಪೂಲ್ ಇರುವ ಎಷ್ಟೋ ಮನೆಗಳ ಮಾಡಿನ ಮೇಲೆ ಇಂಥವೇ ಇರುತ್ತವೆ. ಪ್ಯಾನೆಲ್‌ನ ವಿಸ್ತೀರ್ಣ ಪೂಲ್ ಮೇಲ್ಮೈಯ ಅರ್ಧದಿಂದ ಪೂರ್ತಿಯ ತನಕ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ನಾವು ಮುಕ್ಕಾಲು ಇಟ್ಟುಕೊಂಡೆವು, ಆರು ಪ್ಯಾನೆಲ್, ಒಟ್ಟು 24 ಚದರ ಮೀಟರ್. ಓರೆಯಾಗಿ ನಿಲ್ಲಿಸಿದ ಪ್ಯಾನೆಲ್‌ಗೆ ಚಳಿಗಾಲದಲ್ಲಿ ಚದರ ಮೀಟರಿಗೆ ಐದೂವರೆ ಯೂನಿಟ್‌ನ ಆಸುಪಾಸು ಬಿಸಿಲು ಸಿಕ್ಕಿ, ಅದರಲ್ಲಿ ಮೂರನೇ ಎರಡು ಪಾಲು ನೀರಿಗೆ ಇಳಿದರೂ ದಿನಕ್ಕೆ 85 ಯೂನಿಟ್ ದಾಟುತ್ತದೆ. ಈ ಅಂಕಿಯನ್ನು ಮೇಲಿನ 87ರ ಪಕ್ಕ ಇಟ್ಟು ನೋಡಿ. ಕವರ್ ಇಲ್ಲದೆ ಪ್ಯಾನೆಲ್ ಹಾಕಿಸಿದ್ದರೆ, ತಾರಸಿ ಪೂರ್ತಿ ಹಿಡಿದಿದ್ದನ್ನೆಲ್ಲ ಗಾಳಿ ತೆಗೆದುಕೊಂಡು ಹೋಗುತ್ತಿತ್ತು. ನೀರು ಬೆಚ್ಚಗಾದಷ್ಟೂ ಆವಿ ಇನ್ನೂ ಜಾಸ್ತಿ.

ತಾರಸಿ ಕೆಲಸದಲ್ಲಿ ನಾನು ಒಂದು ಮಾತಿಗೆ ಅಂಟಿಕೊಂಡೆ. ಎಲ್ಲೂ ಡ್ರಿಲ್ ಹಾಕಬಾರದು. ಪುಣೆಯ ಮನೆಗಳ ತಾರಸಿಯಲ್ಲಿ ಬ್ರಿಕ್‌ಬ್ಯಾಟ್ ಕೋಬಾ ಇರುತ್ತದೆ, ಇಟ್ಟಿಗೆ ಚೂರು ಹಾಸಿ ಮೇಲೆ ಸಿಮೆಂಟ್ ಕಟ್ಟಿದ ಪದರ. ಅದಕ್ಕೆ ತೂತು ಹಾಕಿದರೆ ನೀರು ಒಂದು ಕಡೆ ಇಳಿದು ಇನ್ನೆಲ್ಲೋ ಸೋರುತ್ತದೆ, ಹುಡುಕುವುದು ಕಷ್ಟ. ಅದಕ್ಕೇ ಕಾಂಕ್ರೀಟ್ ದಿಮ್ಮಿಗಳನ್ನು ಎರಕ ಹೊಯ್ದು, ಅವುಗಳ ಮೇಲೆ ಜಿಐ ಆ್ಯಂಗಲ್‌ನ ಚೌಕಟ್ಟು ನಿಲ್ಲಿಸಿದೆವು. ಪ್ಯಾನೆಲ್‌ನ ಭಾರ ಏನೂ ಅಲ್ಲ. ಚಿಂತೆ ಇದ್ದದ್ದು ಗಾಳಿಯದು. ಮೇ ತಿಂಗಳ ಸಂಜೆ ಗುಡುಗಿನ ಜೊತೆ ಬರುವ ಗಾಳಿ ಇಲ್ಲಿ ತಗಡುಗಳನ್ನೇ ಎತ್ತಿಕೊಂಡು ಹೋಗುತ್ತದೆ. ದಿಮ್ಮಿ ಭಾರ ಇರಬೇಕು, ಪಟ್ಟಿ ಬಿಗಿಯಾಗಿರಬೇಕು. ಓರೆ 30 ಡಿಗ್ರಿ, ಮುಖ ದಕ್ಷಿಣಕ್ಕೆ. ಪುಣೆ ಇರುವುದು 18.5 ಡಿಗ್ರಿ ಅಕ್ಷಾಂಶದಲ್ಲಿ. ಚಳಿಗಾಲದ ತಗ್ಗಿದ ಸೂರ್ಯನಿಗೆ ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚಿದ್ದರೆ ಒಳ್ಳೆಯದು.

ಪೈಪ್ ಕೆಲಸಕ್ಕೆ ಬಂದವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಪುಣೆಯಲ್ಲಿ ಕಟ್ಟಡ ಕೆಲಸದ ಜಾಗಕ್ಕೆ ಹೋಗಿ ಕಿವಿಗೊಟ್ಟರೆ ಕನ್ನಡ ಕೇಳುವುದು ಅಪರೂಪವೇನಲ್ಲ. ಈ ಪ್ಲಂಬರ್ ನನಗೆ ಕೊಟೇಶನ್ ಕೊಟ್ಟವರೆಲ್ಲರಿಗಿಂತ ಚುರುಕು. ಪ್ಯಾನೆಲ್ ಕೊಟ್ಟ ಕಂಪನಿಯವರ ಚಿತ್ರದಂತೆ ನೀರು ಹೋಗುವ ಪೈಪ್ ಸಾಲಿನ ಎಡಗಡೆ ಕೆಳಗೆ ಇತ್ತು, ವಾಪಸ್ ಬರುವ ಪೈಪ್ ಅದೇ ಎಡಗಡೆ ಮೇಲೆ. ಪೈಪ್ ಉಳಿಯುತ್ತದೆ ಎಂಬುದು ಅವರ ವಾದ. ಅವರು ಹೇಳಿದಂತೆಯೇ ಪ್ಲಂಬರ್ ಜೋಡಿಸಿ ಪಂಪ್ ಚಾಲೂ ಮಾಡಿದರು.

ಮಧ್ಯಾಹ್ನ ಹನ್ನೆರಡರ ಬಿಸಿಲು. ಪ್ಲಂಬರ್ ಸಾಲಿನುದ್ದಕ್ಕೂ ಅಂಗೈ ಇಡುತ್ತಾ ನಡೆದರು. ಕೊನೆಯ ಪ್ಯಾನೆಲ್ ಹತ್ತಿರ ಕೈ ಹಿಂದೆ ಎಳೆದುಕೊಂಡರು. "ಅಕ್ಕಾರ, ಇಲ್ಲಿ ಮುಟ್ಟಿ ನೋಡ್ರಿ, ಕೈ ಸುಡಾಕತ್ತೈತಿ. ಇದರಾಗ ನೀರ ಹರಿವಲ್ದು." ನಾನೂ ಮುಟ್ಟಿದೆ. ಮೊದಲ ಎರಡು ಪ್ಯಾನೆಲ್ ಮಣ್ಣಿನ ಗಡಿಗೆಯಷ್ಟು ತಣ್ಣಗಿದ್ದವು. ಮೂರನೆಯದು ಬೆಚ್ಚಗೆ. ಐದು, ಆರು ನಿಜವಾಗಿಯೂ ಸುಡುತ್ತಿದ್ದವು. ನೀರು ಹತ್ತಿರದ ದಾರಿ ಹಿಡಿದು ಮೊದಲ ಪ್ಯಾನೆಲ್‌ಗಳಲ್ಲೇ ಹತ್ತಿ ಇಳಿದುಬಿಡುತ್ತಿತ್ತು. ದೂರದವುಗಳಲ್ಲಿ ನಿಂತಲ್ಲೇ ನಿಂತು ಕಾಯುತ್ತಿತ್ತು.

ಇಲ್ಲಿ ಬಹಳ ಜನರಿಗೆ ಗೊಂದಲವಾಗುತ್ತದೆ. ಪ್ಯಾನೆಲ್ ಸುಡುತ್ತಿದ್ದರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಾರೆ. ಪೂಲ್ ಪ್ಯಾನೆಲ್ ಸುಡುತ್ತಿದ್ದರೆ ಕೆಲಸ ಮಾಡುತ್ತಿಲ್ಲ. ಅದರ ಶಾಖ ನೀರಿಗೆ ಹೋಗುವ ಬದಲು ಗಾಳಿಗೆ ಹೋಗುತ್ತಿದೆ. ಮೇಲೆ ಗಾಜಿಲ್ಲದ ಪ್ಯಾನೆಲ್‌ಗೆ ಇದೇ ಜೀವಾಳ. ಸುತ್ತಲಿನ ಗಾಳಿಗಿಂತ ಅದು ಬಿಸಿಯಾಗದೆ ಇದ್ದಷ್ಟೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ಅದಕ್ಕೇ ನೀರು ಭರ್ರಂತ ಹರಿಯಬೇಕು. ನಮ್ಮ 24 ಚದರ ಮೀಟರ್‌ಗೆ ಗಂಟೆಗೆ ಸುಮಾರು 5 ಸಾವಿರ ಲೀಟರ್. ಅಷ್ಟು ಹರಿದಾಗ ಹೋಗುವ ನೀರಿಗೂ ಬರುವ ನೀರಿಗೂ ಎರಡು ಮೂರು ಡಿಗ್ರಿ ಮಾತ್ರ ವ್ಯತ್ಯಾಸ. ಕೈಗೆ ಗೊತ್ತೇ ಆಗುವುದಿಲ್ಲ. ಆದರೆ ಗಂಟೆಗೆ 5 ಸಾವಿರ ಲೀಟರ್ ನೀರು ಎರಡೂವರೆ ಡಿಗ್ರಿ ಏರಿದರೆ ಅದು 14 ಯೂನಿಟ್‌ಗಿಂತ ಜಾಸ್ತಿ ಶಾಖ.

ಕಂಪನಿಯವರು ಫೋನಿನಲ್ಲಿ "ಹಾಗೇನೂ ಆಗಲ್ಲ" ಎಂದೇ ಹೇಳುತ್ತಿದ್ದರು. ನಾನು ಪ್ರತಿ ಪ್ಯಾನೆಲ್‌ನ ಉಷ್ಣತೆ ಅಳೆದು ಫೋಟೋ ಕಳಿಸಿದ ಮೇಲೆ ಒಪ್ಪಿದರು. ವಾಪಸ್ ಪೈಪನ್ನು ಎದುರು ಮೂಲೆಗೆ, ಬಲಗಡೆ ಮೇಲಕ್ಕೆ ಸರಿಸಿದೆವು. ಈಗ ಎಡಗಡೆ ಕೆಳಗಿನಿಂದ ಒಳಗೆ, ಬಲಗಡೆ ಮೇಲಿನಿಂದ ಹೊರಗೆ. ಯಾವ ಪ್ಯಾನೆಲ್‌ನಿಂದ ಹೋದರೂ ನೀರಿಗೆ ದಾರಿಯ ಉದ್ದ ಒಂದೇ. ಹೆಚ್ಚಿಗೆ ಬೇಕಾಗಿದ್ದು ಏಳೆಂಟು ಮೀಟರ್ ಪೈಪ್ ಅಷ್ಟೇ. ಆರೂ ಪ್ಯಾನೆಲ್ ಒಂದೇ ಸಮ ತಣ್ಣಗಾದವು. ನಿಮ್ಮ ಮನೆಯಲ್ಲಿ ಹಾಕಿಸುವಾಗ ಪೂರ್ತಿ ಹಣ ಕೊಡುವ ಮುಂಚೆ ಬಿಸಿಲಲ್ಲಿ ಹತ್ತಿ ಪ್ರತಿ ಪ್ಯಾನೆಲ್ ಮುಟ್ಟಿ ನೋಡಿ. ಇದಕ್ಕೆ ಯಾವ ಮೀಟರೂ ಬೇಡ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಫಿಲ್ಟರ್ ಆದ ಮೇಲೆ ಮೋಟಾರ್ ಇರುವ ಮೂರು ಬಾಯಿಯ ವಾಲ್ವ್. ಅದು ನೀರನ್ನು ತಾರಸಿಗೆ ಕಳಿಸುತ್ತದೆ, ಇಲ್ಲವೇ ನೇರ ಪೂಲ್‌ಗೆ ಬಿಡುತ್ತದೆ. ಅದನ್ನು ತಿರುಗಿಸುವ ಕಂಟ್ರೋಲರ್‌ಗೆ ಎರಡು ಸೆನ್ಸರ್, ಒಂದು ತಾರಸಿಯಲ್ಲಿ, ಒಂದು ಪೂಲ್‌ನಿಂದ ಬರುವ ಪೈಪ್‌ನಲ್ಲಿ. ತಾರಸಿ ನಾಲ್ಕೈದು ಡಿಗ್ರಿ ಜಾಸ್ತಿ ಇದ್ದರೆ ಮಾತ್ರ ನೀರು ಮೇಲೆ ಹೋಗುತ್ತದೆ. ಮೋಡ ಬಂದರೆ ತಾನೇ ಕೆಳಗೆ ತಿರುಗಿಸುತ್ತದೆ. ವಾಲ್ವ್ ಆದ ಮೇಲೆ ಒಂದು ನಾನ್ ರಿಟರ್ನ್ ವಾಲ್ವ್. ಇಲ್ಲದಿದ್ದರೆ ಪಂಪ್ ನಿಂತಾಗ ತಾರಸಿಯ ನೀರು ಹಿಂದಕ್ಕೆ ನುಗ್ಗಿ ಫಿಲ್ಟರ್‌ನ ಕೊಳೆಯನ್ನು ಕದಡುತ್ತದೆ. ಕ್ಲೋರಿನ್ ಹಾಕುವ ಡಬ್ಬಿ ಕೊನೆಗೆ, ಪ್ಯಾನೆಲ್‌ನಿಂದ ನೀರು ವಾಪಸ್ ಬಂದ ಮೇಲೆ ಬರಬೇಕು. ಗಾಢ ಕ್ಲೋರಿನ್ ನೀರು ಪ್ಯಾನೆಲ್ ಒಳಗೆ ಹೋಗಬಾರದು. ಬಿಸಿಲಿಗೆ ಬೀಳುವ ಪಿವಿಸಿ ಪೈಪ್‌ಗೆಲ್ಲ ಬಣ್ಣ ಬಳಿಸಿ. ಬಿಸಿಲಿಗೆ ಅದು ಕೆಲವು ವರ್ಷದಲ್ಲಿ ಬಿರುಸಾಗುತ್ತದೆ.

ವ್ಯಾಕ್ಯೂಮ್ ವಾಲ್ವ್ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು. ಪಂಪ್ ನಿಂತಾಗ ತಾರಸಿಯ ನೀರು ಕೆಳಗೆ ಇಳಿಯಲು ನೋಡುತ್ತದೆ. ಒಳಗೆ ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಆ ಎಳೆತಕ್ಕೆ ಪ್ಲಾಸ್ಟಿಕ್ ಕೊಳವೆಗಳು ಚಪ್ಪಟೆಯಾಗಬಹುದು. ಈ ಪುಟ್ಟ ವಾಲ್ವ್ ತೆರೆದುಕೊಂಡು ಗಾಳಿ ಒಳಗೆ ಬಿಡುತ್ತದೆ, ನೀರು ಪೂಲ್‌ಗೆ ಇಳಿಯುತ್ತದೆ. ಬೆಳಿಗ್ಗೆ ಪಂಪ್ ಶುರುವಾದಾಗ ಆ ಗಾಳಿ ಪೂಲ್ ಒಳಗೆ ಗುಳ್ಳೆಗಳಾಗಿ ಬರುತ್ತದೆ. ಮೊದಲ ದಿನ ಅತ್ತೆ ಅದನ್ನು ನೋಡಿ, "ಇದೇನವಾ, ನೀರು ಕುದೀಲಿಕತ್ತಾವೇನು?" ಅಂದರು. ಒಂದೆರಡು ನಿಮಿಷ ಬಂದು ನಿಂತರೆ ಎಲ್ಲಾ ಸರಿ ಇದೆ. ದಿನವಿಡೀ ಗುಳ್ಳೆ ಬರುತ್ತಿದ್ದರೆ ವಾಲ್ವ್ ಗಾಳಿ ಎಳೆಯುತ್ತಿದೆ, ಪ್ಲಂಬರ್‌ಗೆ ಹೇಳಬೇಕು.

ಪಂಪ್ ಓಡುವ ಹೊತ್ತನ್ನೂ ಬದಲಾಯಿಸಿದೆವು. ಮೊದಲು ಅದು ಬೆಳಗಿನ ಜಾವ ಓಡುತ್ತಿತ್ತು. ಈಗ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ, ಬಿಸಿಲಿರುವಾಗ. ನೀರು ಶುದ್ಧವಾಗಲು ಅಷ್ಟು ಹೊತ್ತು ಅದು ಹೇಗೂ ಓಡಲೇಬೇಕು. ನಮ್ಮದು ಒಂದು ಎಚ್‌ಪಿ ಪಂಪ್. ದಿನಕ್ಕೆ ಐದಾರು ಯೂನಿಟ್ ಕರೆಂಟ್ ತಿನ್ನುತ್ತದೆ, ಮೊದಲೂ ತಿನ್ನುತ್ತಿತ್ತು. ಅದೇ ಕರೆಂಟಿನಲ್ಲಿ ಈಗ ನೀರೂ ಕಾಯುತ್ತದೆ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್‌ನಲ್ಲಿ ಹೇಳುವಂಥ ವ್ಯತ್ಯಾಸ ಆಗಿಲ್ಲ.

ಪ್ಯಾನೆಲ್ ಸರಿಯಾಗಿ ಓಡಲು ಶುರುವಾದ ಮೇಲೆ ನೀರು ದಿನಕ್ಕೆ ಒಂದು ಡಿಗ್ರಿಯಂತೆ ಮೇಲೆ ಹತ್ತಿತು. ಮೇಲೆ ಹೋದಂತೆ ನಿಧಾನವಾಯಿತು. ಎಳ್ಳಮಾವಾಸ್ಯೆಯ ಹೊತ್ತಿಗೆ ಸಂಜೆ 29 ಡಿಗ್ರಿ ಮುಟ್ಟಿತು. ರಾತ್ರಿ ಕವರ್ ಅಡಿಯಲ್ಲಿ ಒಂದು ಡಿಗ್ರಿ ಇಳಿದು ಬೆಳಿಗ್ಗೆ 28. ಮೋಡ ಕವಿದು ಎರಡು ದಿನ ಬಿಸಿಲೇ ಬೀಳದಿದ್ದರೆ 26ಕ್ಕೂ ಬರುತ್ತದೆ. ಅದನ್ನು ಒಪ್ಪಿಕೊಳ್ಳಬೇಕು. ಆಸ್ಪತ್ರೆಗಳ ಥೆರಪಿ ಪೂಲ್‌ಗಳಲ್ಲಿರುವ 33–34 ಡಿಗ್ರಿ ಇದರಿಂದ ಆಗುವ ಕೆಲಸವಲ್ಲ. ಅಷ್ಟು ಬಿಸಿ ಬೇಕೇಬೇಕು ಅನ್ನುವವರು ಜೊತೆಗೆ ಹೀಟ್ ಪಂಪ್ ಇಡಬೇಕು. ಈಜುವವರಿಗಂತೂ 28 ಧಾರಾಳ. ಸ್ಪರ್ಧೆಗಳ ಪೂಲ್‌ಗಳಿಗೇ 25ರಿಂದ 28 ಡಿಗ್ರಿ ಎಂದು ನಿಯಮವಿದೆ.

ಅತ್ತೆ ಸಂಜೆ ನಾಲ್ಕಕ್ಕೆ ಇಳಿಯಲು ಶುರು ಮಾಡಿದರು. ನೀರು ಅತಿ ಬೆಚ್ಚಗಿರುವುದು ಆಗಲೇ. ಬಿಸಿಲೂ ಬೆನ್ನಿಗೆ ಬೀಳುತ್ತದೆ. ಪಕ್ಕದ ಕಂಬಿ ಹಿಡಿದು ಆ ತುದಿಯಿಂದ ಈ ತುದಿಗೆ, ಮುಂದಕ್ಕೆ, ಹಿಂದಕ್ಕೆ, ಅಡ್ಡಡ್ಡ. ಕೆಲವು ವಾರ ಕಳೆದ ಮೇಲೆ ಕಂಬಿ ಬಿಟ್ಟರು. ಸಂಕ್ರಾಂತಿಗೆ ಎಳ್ಳು ಬೀರಲು ಕೋಲಿಲ್ಲದೆ ಅಕ್ಕಪಕ್ಕದ ಮನೆಗಳಿಗೆ ಹೋಗಿ ಬಂದರು. ಇದನ್ನು ಪೂಲ್ ಒಂದೇ ಮಾಡಿತು ಎಂದು ನಾನು ಹೇಳುವುದಿಲ್ಲ. ಫಿಸಿಯೋಥೆರಪಿಸ್ಟ್ ಕೆಲಸ ಇದೆ, ಅತ್ತೆಯ ಹಟ ಇದೆ. ಆದರೆ ಚಳಿಗಾಲದಲ್ಲಿ ಒಂದು ದಿನವೂ ಬಿಡದೆ ನೀರಿಗೆ ಇಳಿಯಲು ಆದದ್ದು ನೀರು ಬೆಚ್ಚಗಿದ್ದಿದ್ದಕ್ಕೆ.

ಬೆಚ್ಚಗಿನ ನೀರಿಗೆ ಆರೈಕೆಯೂ ಸ್ವಲ್ಪ ಜಾಸ್ತಿ ಬೇಕು. ತಣ್ಣಗಿದ್ದಾಗ ಸುಮ್ಮನಿರುವ ಪಾಚಿ 28 ಡಿಗ್ರಿಯಲ್ಲಿ ಬೇಗ ಹಬ್ಬುತ್ತದೆ. ನಾವು ಕ್ಲೋರಿನ್ ಮತ್ತು ಪಿಎಚ್ ಬಿಡದೆ ನೋಡುತ್ತೇವೆ. ಪಿಎಚ್ 7.2ರಿಂದ 7.6ರ ಒಳಗೆ ಇರಬೇಕು. ನಮ್ಮ ಬೋರ್ ನೀರು ಗಡುಸು. ಪಿಎಚ್ ಮೇಲೆ ಹೋದರೆ ಪ್ಯಾನೆಲ್‌ನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಬಹುದು. ಕವರ್ ಇದ್ದಾಗ ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದು ಕಡಿಮೆ, ಹಾಗಾಗಿ ಮೊದಲಿನಷ್ಟು ಹಾಕಬೇಕಾಗಿಲ್ಲ. ಆದರೆ ಶಾಕ್ ಡೋಸ್ (ಒಂದೇ ಸಲಕ್ಕೆ ಹೆಚ್ಚು ಕ್ಲೋರಿನ್) ಕೊಟ್ಟ ದಿನ ಕವರ್ ಹಾಕಬಾರದು. ಗಾಢ ಕ್ಲೋರಿನ್‌ಗೆ ಕವರ್ ಕೆಡುತ್ತದೆ, ಕೆಟ್ಟ ಗಾಳಿಯೂ ಒಳಗೇ ಉಳಿಯುತ್ತದೆ.

ಪುಣೆಯ ಕನ್ನಡದವರ ಕಾರ್ಯಕ್ರಮಗಳಲ್ಲಿ ಸಿಕ್ಕವರು ನನ್ನನ್ನು ಕೇಳುವುದು ಒಂದೇ, "ಬೇಸಿಗೆಯಲ್ಲಿ ಇದೆಲ್ಲಾ ದಂಡ ಅಲ್ವಾ?" ಅಂತ. ದಂಡವಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ಕವರ್ ತೆಗೆದು, ಒಣಗಿಸಿ, ನೆರಳಲ್ಲಿ ಸುತ್ತಿಡುತ್ತೇವೆ. ಏಪ್ರಿಲ್ ಕೊನೆಗೆ ನೀರು 32 ಡಿಗ್ರಿ ದಾಟಿ ಮಕ್ಕಳೇ ಬೇಡವೆನ್ನುತ್ತಾರೆ. ಆಗ ಪಂಪನ್ನು ರಾತ್ರಿ ಓಡಿಸುತ್ತೇವೆ, ನೀರು ತಾರಸಿಗೆ ಹೋಗುತ್ತದೆ. ಹಗಲು ಬಿಸಿಲು ಹಿಡಿಯುವ ಅದೇ ಕಪ್ಪು ಪ್ಯಾನೆಲ್ ರಾತ್ರಿ ಬಯಲಿನ ಆಕಾಶಕ್ಕೆ ಶಾಖ ಬಿಡುತ್ತದೆ. ಬೆಳಿಗ್ಗೆ ನೀರು ಒಂದೆರಡು ಡಿಗ್ರಿ ಇಳಿದಿರುತ್ತದೆ. ಮಳೆಗಾಲದಲ್ಲಿ ವಾಲ್ವ್ ಕೆಳಕ್ಕೆ ತಿರುಗಿಸಿ ಪ್ಯಾನೆಲ್ ಖಾಲಿ ಬಿಡುತ್ತೇವೆ.

ಯಾರಿಗೆ ಬೇಡ ಎಂದೂ ಹೇಳಬೇಕು. ದಕ್ಷಿಣಕ್ಕೆ ಎತ್ತರದ ಕಟ್ಟಡ ಅಥವಾ ದೊಡ್ಡ ಮಾವಿನ ಮರ ಇದ್ದು ಹತ್ತರಿಂದ ನಾಲ್ಕರ ನಡುವೆ ತಾರಸಿಗೆ ನೆರಳು ಬೀಳುತ್ತಿದ್ದರೆ ಪ್ಯಾನೆಲ್‌ಗೆ ಹಣ ಹಾಕಬೇಡಿ. ಚಳಿಗಾಲದಲ್ಲಿ ಸೂರ್ಯ ತಗ್ಗಿರುತ್ತಾನೆ, ಬೇಸಿಗೆಯಲ್ಲಿ ಬೀಳದ ನೆರಳು ಆಗ ಬೀಳುತ್ತದೆ. ಡಿಸೆಂಬರ್‌ನಲ್ಲೇ ಹತ್ತಿ ನೋಡಿ. ತಿಂಗಳಿಗೆ ಎರಡು ಸಲ ನೀರಿಗೆ ಇಳಿಯುವವರಿಗೂ ಇದು ಬೇಡ. ಅಂಥವರಿಗೆ ಕವರ್ ಒಂದೇ ಸಾಕು. ಅದನ್ನು ಮಾತ್ರ ಪೂಲ್ ಇರುವ ಪ್ರತಿಯೊಬ್ಬರೂ ಹಾಕಬೇಕು. ನೀರಿಗೆ ಈ ಊರು ಪಡುತ್ತಿರುವ ಪಾಡು ನೋಡಿದರೆ, ತೆರೆದ ಪೂಲ್ ಇಟ್ಟುಕೊಂಡು ದಿನಾ ನೂರಾರು ಲೀಟರ್ ಗಾಳಿಗೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ಯಾನೆಲ್‌ಗಳಿಗೆ ಇನ್ನೂ ಏನೂ ಆಗಿಲ್ಲ. ಕವರ್ ಮಾತ್ರ ಬಿಸಿಲಿಗೆ, ಕ್ಲೋರಿನ್‌ಗೆ ಸಿಕ್ಕಿ ಅಂಚುಗಳಲ್ಲಿ ಬಿರುಸಾಗಿದೆ. ಗುಳ್ಳೆಗಳು ಉದುರಿ ಫಿಲ್ಟರ್ ಬುಟ್ಟಿಯಲ್ಲಿ ಸಿಗುತ್ತಿವೆ. ಹೊಸದಕ್ಕೆ ಅಳತೆ ಕೊಟ್ಟಾಗಿದೆ, ಈ ಸಲ 500 ಮೈಕ್ರಾನ್‌ನದು. ದೀಪಾವಳಿಗೆ ಮುಂಚೆ ಬರುತ್ತದೆ ಎಂದಿದ್ದಾರೆ.